ನಾಲ್ಕು ಕಾರಿಗೂ ಎಡಗಡೆಯೇ ದೋಷ

ಜನವರಿ 28

ಅಣ್ಣಾ,

ಕ್ಷೇಮ ಸಮಾಚಾರವೆಲ್ಲ ಕೊನೆಗೆ, ಮೊದಲು ನನ್ನ ತಲೆನೋವು ಕೇಳು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿಗೆ ಪೂರ್ತಿ ರಜೆ. ಹೋದ ತಿಂಗಳು ನಾನು ಹೇಳಿದ್ದನ್ನೆಲ್ಲ ಅತ್ತಿಗೆ ನಿನಗೆ ಕೂಗಿ ಕೂಗಿ ಹೇಳಿ ಅವರ ಗಂಟಲು ಕಟ್ಟಿತು, ನಿಮ್ಮ ಬೀದಿಗೆಲ್ಲ ನಮ್ಮ ಮನೆ ಸುದ್ದಿ ಹಂಚಿದಂತಾಯಿತು. ಅದಕ್ಕೇ ಈ ಕಾಗದ.

ನಮ್ಮ ಮುದುಕಿ ಹೋದಳು. ಹತ್ತೊಂಬತ್ತು ವರ್ಷ ನಮ್ಮನ್ನು ಹೊತ್ತು ತಿರುಗಿದ ಕಾರು. ಇಂಜಿನ್ ಕೈಕೊಟ್ಟಿತು, ಗುಜರಿಯವನು ಬಂದು ಎಳೆದುಕೊಂಡು ಹೋದ. ಇವರು ಹೊರಗೆ ಬಂದು ನೋಡಲೂ ಇಲ್ಲ, ಒಳಗೆ ಕೂತು ಪೇಪರು ಮಡಚಿದರು, ಬಿಚ್ಚಿದರು, ಮಡಚಿದರು.

ಈಗ ಹೊಸ ಕಾರು ಬೇಕೇ ಬೇಕು. ನಮ್ಮ ಸಂಸಾರ ನಡೆಯುವುದು ನನ್ನ ಸ್ಕ್ರೂಡ್ರೈವರಿನಿಂದ, ಆ ಸ್ಕ್ರೂಡ್ರೈವರು ಮನೆಯಿಂದ ಹೊರಡುವುದು ಇವರ ಚಕ್ರದಿಂದ. ನಾನು ಹೊಲಿಗೆ ಯಂತ್ರ ರಿಪೇರಿ ಮಾಡಬೇಕು, ಇವರು ನನ್ನನ್ನೂ ಯಂತ್ರಗಳನ್ನೂ ಸಾಗಿಸಬೇಕು. ಬಸ್ಸಿನ ಕೆಲಸದಿಂದ ನಿವೃತ್ತರಾದ ದಿನದಿಂದ ಅದೇ ಅವರ ಎರಡನೇ ನೌಕರಿ. ಊರಾಚೆ ಸಮವಸ್ತ್ರ ಹೊಲಿಯುವ ಹೊಸ ಕಾರ್ಖಾನೆಯೊಂದಿದೆ, ನಲವತ್ತೆರಡು ಯಂತ್ರ. ಏಪ್ರಿಲ್ ಒಂದರಿಂದ ವಾರಕ್ಕೆ ಮೂರು ದಿನ ನನಗೇ ಕೊಡುತ್ತೇವೆ ಎಂದಿದ್ದಾರೆ. ಅಲ್ಲಿಯ ಮೇಲ್ವಿಚಾರಕಿ ಖಡಾಖಂಡಿತವಾಗಿ ಹೇಳಿದಳು, "ಗಾಡಿ ಇದ್ರೆ ಒಪ್ಕೊಳ್ಳಿ, ಇಲ್ಲಾಂದ್ರೆ ಈಗಲೇ ಹೇಳ್ಬಿಡಿ." ಅಲ್ಲಿಗೆ ಬಸ್ಸಿಲ್ಲ. ಯಂತ್ರದ ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆಯಲು ನಾನೇನು ಇಪ್ಪತ್ತರ ಹುಡುಗಿಯೇ? ಇಂಥ ಕೆಲಸ ನನ್ನ ವಯಸ್ಸಿಗೆ ಇನ್ನೊಂದು ಸಲ ಬರುವುದಿಲ್ಲ.

ನಿನ್ನೆ ಶೋರೂಮಿಗೆ ಹೋದೆವು. ಒಂದೇ ಸೂರಿನಡಿ ನಾಲ್ಕು ಬಗೆಯ ಪುಟ್ಟ ಕಾರು ಇಟ್ಟಿದ್ದಾರೆ. ತೋರಿಸುವಾಕೆ ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿಕೊಂಡು ನಗುತ್ತಾಳೆ, ಟೆಸ್ಟ್ ಡ್ರೈವ್ ಅಂದ ಕೂಡಲೇ ಅದನ್ನು ಬಿಟ್ಟು ಹವಾಯಿ ಮೆಟ್ಟಿ ಬರುತ್ತಾಳೆ. ನಾನು ಹಿಂದೆ ಕೂತೆ, ಆಕೆ ಇವರ ಪಕ್ಕ. ಬೆಳ್ಳಿ ಬಣ್ಣದ ಕಾರು. ನನಗೇನೋ ಚೆನ್ನಾಗಿಯೇ ಇತ್ತು, ಡಿಕ್ಕಿಯಲ್ಲಿ ಎರಡು ಯಂತ್ರದ ತಲೆ ಆರಾಮವಾಗಿ ಹಿಡಿಯುತ್ತವೆ. ಇವರು ಮಾತ್ರ ಇಳಿದವರೇ, "ಎಡಗಡೆ ಕಂಬ ಎಮ್ಮೆ ಕಾಲಿನಷ್ಟು ದಪ್ಪ ಇದೆ. ಆ ಕಡೆ ಏನೂ ಕಾಣಲ್ಲ. ಬೇಡ" ಎಂದರು. ಕಂಬ ಎಂದರೆ ಮುಂದಿನ ಗಾಜಿಗೂ ಬಾಗಿಲಿಗೂ ನಡುವೆ ಇರುತ್ತದಲ್ಲ, ಅದು. ಅದಕ್ಕೊಂದು ಉಪಾಯ ಇದೆಯೇ? ನೀನು ಮೂವತ್ತು ವರ್ಷ ಡ್ರೈವಿಂಗ್ ಶಾಲೆ ನಡೆಸಿದವನು. ಬೇಗ ಬರೆ.

ನಿನ್ನ ತಂಗಿ

ಫೆಬ್ರವರಿ 5

ಪ್ರೀತಿಯ ಮೆಣಸಿನಕಾಯಿ,

ನಿನ್ನ ಘಾಟು ಇಲ್ಲಿಯವರೆಗೆ ಬಂತು. ಅತ್ತಿಗೆ ಗಂಟಲಿಗೆ ಬಿಸಿನೀರು ಕುಡಿಯುತ್ತಾ ನಿನ್ನನ್ನು ಕೇಳಿದಳು ಅಂತ ಬರೆ ಎಂದಳು.

ಭಾವ ಹೇಳಿದ್ದು ಸರಿ. ಈಗಿನ ಕಾರುಗಳ ಕಂಬವೆಲ್ಲ ದಪ್ಪ. ಉರುಳಿ ಬಿದ್ದರೆ ಮಾಡು ಕುಸಿಯಬಾರದು ಎಂದು ಹಾಗೆ ಮಾಡುತ್ತಾರೆ. ಸೀಟನ್ನು ಎರಡು ಹಲ್ಲು ಮುಂದಕ್ಕೆ ತರಲಿ, ಬೆನ್ನು ನೇರ ಮಾಡಲಿ, ಎಡ ಕನ್ನಡಿಯನ್ನು ತಮ್ಮ ಕಾರಿನ ಬಾಗಿಲು ಕಾಣದಷ್ಟು ಹೊರಕ್ಕೆ ತಿರುಗಿಸಲಿ. ಕಾರು ನೋಡುವುದಕ್ಕೆ ಕ್ರಮವಿದೆ. ರೇಡಿಯೋ ಬಂದ್ ಮಾಡಬೇಕು. ಒಂದು ಇಕ್ಕಟ್ಟಾದ ಓಣಿ, ಒಂದು ಏರು, ಒಂದು ರಿವರ್ಸು, ಇಷ್ಟು ಆಗದೆ ಇಳಿಯಬಾರದು. ಆ ಹೆಂಗಸಿನ ಮಾತಿಗೆ ತಲೆ ಆಡಿಸಬಾರದು. ನಾನು ನಾಲ್ಕು ಸಾವಿರ ಜನರಿಗೆ ಚಕ್ರ ಹಿಡಿಯಲು ಕಲಿಸಿದ್ದೇನೆ, ಅದರಲ್ಲಿ ನಾಲ್ಕು ಜನ ನನ್ನ ಮಾತು ಕೇಳಿರಬಹುದು. ಮಂಡಿ ನೋವು ಬಂದು ಶಾಲೆ ಮುಚ್ಚದಿದ್ದರೆ ನಾನೇ ಬಂದು ನಿಮಗೆ ಕಾರು ಆರಿಸಿ ಕೊಡುತ್ತಿದ್ದೆ.

ಒಂದು ಮಾತು. ಮುದುಕಿಯ ಇಂಜಿನ್ ಹೋಯಿತು ಎಂದೆಯಲ್ಲ, ಹೇಗೆ? ಎರಡು ವರ್ಷದ ಹಿಂದೆ ನಾನೇ ಬಾನೆಟ್ ತೆಗೆದು ನೋಡಿದ್ದೆ. ಇನ್ನೂ ಹತ್ತು ವರ್ಷ ಓಡುವ ಇಂಜಿನ್ ಅದು. ಏನು ಮಾಡಿದಿರಿ ಅದಕ್ಕೆ?

ನಿನ್ನ ಅಣ್ಣ

ಫೆಬ್ರವರಿ 14

ಅಣ್ಣಾ,

ನಿನ್ನ ಕಾಗದವನ್ನು ಇವರಿಗೆ ಓದಿ ಹೇಳಿದೆ. "ಸೀಟು ಹೇಗೆ ಹಾಕ್ಕೋಬೇಕು ಅಂತ ನಿಮ್ಮಣ್ಣ ನನಗೆ ಹೇಳ್ಕೊಡ್ತಾನಾ? ಅವನು ಕಲಿಸಿದ್ದು ಮೈದಾನದಲ್ಲಿ, ನಾನು ಓಡಿಸಿದ್ದು ಐವತ್ತು ಜನರನ್ನ ತುಂಬ್ಕೊಂಡು" ಎಂದರು. ಆದರೂ ಶೋರೂಮಿನಲ್ಲಿ ಸೀಟು ಎರಡು ಹಲ್ಲು ಮುಂದಕ್ಕೆ ಎಳೆದುಕೊಂಡರು, ನನ್ನ ಕಡೆ ನೋಡದೆ. ಇಬ್ಬರು ಡ್ರೈವರುಗಳ ನಡುವೆ ಸಿಕ್ಕಿ ನಾನು ಸಾಯಬೇಕು.

ಎರಡನೆಯದು ನೀಲಿ ಕಾರು. ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಫುಟ್‌ಪಾತ್ ಹತ್ತಿ ಧಡ್ ಎಂದು ಇಳಿಯಿತು. ನನ್ನ ತಲೆ ಮಾಡಿಗೆ ಬಡಿಯಿತು. ಇವರು, "ಸ್ಟೇರಿಂಗ್ ಬೆಣ್ಣೆ ಥರ ಇದೆ, ಇಷ್ಟು ಅಂದ್ರೆ ಅಷ್ಟು ತಿರುಗುತ್ತೆ. ಇದು ಕಾರಾ, ಆಟದ ಸಾಮಾನಾ?" ಎಂದು ರೇಗಿದರು. ಶೋರೂಮಿನಾಕೆ ಇಳಿದು ಹಿಂದಿನ ಚಕ್ರ ನೋಡಿದಳು, ಆಮೇಲೆ ಇವರ ಮುಖ ನೋಡಿದಳು. ಮೂರನೆಯದು ಬಿಳಿ ಕಾರು, ಸೀಟು ಎತ್ತರ. ಅದು ಹತ್ತುವಾಗ ಆಕೆ, "ಮೇಡಂ, ನೀವೇ ಮುಂದೆ ಕೂತ್ಕೊಳ್ಳಿ, ನಿಮ್ಮ ಕಾರಲ್ವಾ" ಎಂದು ತಾನು ಹಿಂದೆ ಹೋಗಿ ಕೂತಳು. ಒಳ್ಳೆಯ ಮರ್ಯಾದಸ್ತೆ ಎಂದುಕೊಂಡೆ. ವೃತ್ತ ಸುತ್ತುವಾಗ ಎಡಗಡೆಯಿಂದ ಒಂದು ಸ್ಕೂಟರು. ನಾನು "ರೀ!" ಎಂದು ಕಿರುಚಿದೆ, ಇವರು ಬ್ರೇಕು ಒತ್ತಿದರು. ಸ್ಕೂಟರಿನವಳು ನಿಂತು, ಹೆಲ್ಮೆಟ್ ತೆಗೆದು, ನಮ್ಮ ಮೂರು ತಲೆಮಾರು ಜಾಲಾಡಿ ಹೋದಳು. ಇವರು, "ಅವಳು ಆಕಾಶದಿಂದ ಉದುರಿದ್ಲಾ? ಈ ಕನ್ನಡಿ ಪೌಡರ್ ಡಬ್ಬದ ಕನ್ನಡಿ, ಇದರಲ್ಲಿ ಯಾರು ಕಾಣ್ತಾರೆ?" ಎಂದರು. ಅದೂ ಬೇಡವಾಯಿತು.

ನನಗೆ ರೋಸಿಹೋಗಿದೆ ಅಣ್ಣಾ. ಮದುವೆಗೆ ಹೆಣ್ಣು ನೋಡುವಾಗಲೂ ಇವರು ಇಷ್ಟು ನೆಪ ತೆಗೆದಿರಲಿಲ್ಲ. ಮೇಲ್ವಿಚಾರಕಿ ಇವತ್ತೂ ಫೋನು ಮಾಡಿದ್ದಳು. ಕಾರು ಬಂದಿದೆ ಎಂದೇ ಹೇಳಿಬಿಟ್ಟೆ. ಸುಳ್ಳು ಹೇಳಿ ಅಭ್ಯಾಸವಿಲ್ಲ ನನಗೆ.

ಮುದುಕಿಯ ವಿಷಯ ಹಳೇ ಕಥೆ, ಬಿಡು. ಕಬ್ಬಿಣ ಹಳೆಯದಾದರೆ ಹೋಗುತ್ತದೆ.

ತಂಗಿ

ಫೆಬ್ರವರಿ 19

ಮೆಣಸಿನಕಾಯಿ,

ಕೋಪ ಮಾಡಿಕೊಳ್ಳಬೇಡ, ಆದರೆ ಭಾವನದು ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯಿತು. ಒಂದರ ಕಂಬ ದಪ್ಪ, ಇನ್ನೊಂದರ ಸ್ಟೇರಿಂಗ್ ಮೆತ್ತಗೆ, ಮತ್ತೊಂದರ ಕನ್ನಡಿ ಚಿಕ್ಕದು. ಪುಟ್ಟ ಕಾರು ಎಂದರೆ ಎಲ್ಲವೂ ಪುಟ್ಟದೇ. ಬಸ್ಸಿನ ಕನ್ನಡಿ ಅಂಟಿಸಿ ಕೊಡುತ್ತಾರೆಯೇ? ದೊಡ್ಡ ಗಾಡಿ ಓಡಿಸಿದವರಿಗೆ ಚಿಕ್ಕದಕ್ಕೆ ಇಳಿಯಲು ಜಂಭ ಬಿಡುವುದಿಲ್ಲ, ಅಷ್ಟೇ.

ನಾಲ್ಕನೆಯದು ಇದೆಯಲ್ಲ, ಅದರಲ್ಲಿ ಪಕ್ಕಕ್ಕೆ ಏನಾದರೂ ಬಂದರೆ ಕುಂಯ್ ಎಂದು ಎಚ್ಚರಿಸುವ ಯಂತ್ರ ಇದೆಯೇ ಕೇಳು. ಇದ್ದರೆ ಕಣ್ಣು ಮುಚ್ಚಿಕೊಂಡು ಅದನ್ನೇ ತೆಗೆದುಕೊಳ್ಳಿ. ಇನ್ನು ಮುಂದೆ ಕಂಬ, ಕನ್ನಡಿ ಎಂದು ನನಗೆ ಬರೆಯಬೇಡ. ಭಾವನಿಗೆ ನಾನು ಹೀಗೆ ಅಂದೆನೆಂದು ಓದಿ ಹೇಳಲೂ ಬೇಡ.

ಅಣ್ಣ

ಮಾರ್ಚ್ 2

ಅಣ್ಣಾ,

ಅಂತೂ ಮುಗಿಯಿತು. ಬುಕಿಂಗ್ ಫಾರಂ ತುಂಬಿದೆವು. ಹಳದಿ ಕಾರು. ಇಪ್ಪತ್ತೈದಕ್ಕೆ ಕೈಗೆ ಬರುತ್ತದೆ.

ನೀನು ಹೇಳಿದ ಕುಂಯ್ ಯಂತ್ರ ಅದರಲ್ಲಿತ್ತು. ಇತ್ತು ಎಂದರೆ, ಇತ್ತು! ಶೋರೂಮಿನ ಗೇಟು ದಾಟಿದ್ದೇ ತಡ, ಹಸಿದ ಮಗುವಿನ ಹಾಗೆ ಹಿಡಿದುಕೊಂಡಿತು. ನಿಂತ ಲಾರಿ ಬಂದರೆ ಕುಂಯ್, ಮರ ಬಂದರೆ ಕುಂಯ್, ಸೈಕಲ್ಲು ಬಂದರೆ ಕುಂಯ್ ಕುಂಯ್. ಇವರ ಮುಖ ಕೆಂಪಾಯಿತು. "ಇದು ಕೆಟ್ಟಿದೆ. ಏನೂ ಇಲ್ಲದೇ ಇದ್ರೂ ಬಡ್ಕೊಳ್ತಿದೆ. ಆರಿಸಿ ಇದನ್ನ" ಎಂದರು. ಆಕೆ ಹಿಂದಿನ ಸೀಟಿನಿಂದ, "ಸರ್, ಅದು ಸರಿಯಾಗಿದೆ ಸರ್, ಬೆಳಿಗ್ಗೆ ಬೇರೆಯವರು ಓಡಿಸಿದಾಗ ಸುಮ್ನೇ ಇತ್ತು" ಎಂದಳು. ಇವರು ರಸ್ತೆಯಲ್ಲೇ ನಿಲ್ಲಿಸಿಬಿಟ್ಟರು. ಕೊನೆಗೆ ಆಕೆ ಕೈ ಚಾಚಿ ಯಾವುದೋ ಗುಂಡಿ ಒತ್ತಿದಳು, ಸದ್ದು ನಿಂತಿತು. ಆಮೇಲೆ ಇವರು ಶಿಳ್ಳೆ ಹಾಕಿಕೊಂಡು ಓಡಿಸಿದರು. ತಿಂಗಳಿಂದ ಅವರ ಶಿಳ್ಳೆ ನಾನು ಕೇಳಿರಲಿಲ್ಲ. "ಸದ್ದು ಮಾಡದೇ ಇದ್ರೆ ಇದೇ ಒಳ್ಳೇ ಕಾರು" ಎಂದು ಸಹಿ ಹಾಕಿದರು.

ಅವರು ಖುಷಿಯಾಗಿದ್ದಾರೆ. ನನಗೂ ಆಗಬೇಕು. ಒಂದನೇ ತಾರೀಖಿಗೆ ಕೆಲಸಕ್ಕೆ ಹಾಜರಾಗಬಹುದು, ಮೇಲ್ವಿಚಾರಕಿಗೆ ಹೇಳಿದ ಸುಳ್ಳು ನಿಜವಾಗುತ್ತದೆ, ಇನ್ನೇನು ಬೇಕು? ಆದರೂ ಊಟ ಸೇರುತ್ತಿಲ್ಲ. ಹೊಸ ಕಾರಿನ ವಾಸನೆಗೆ ಇರಬೇಕು.

ತಂಗಿ

ಮಾರ್ಚ್ 8

ತಂಗೀ,

ಈ ಕಾಗದವನ್ನು ಒಬ್ಬಳೇ ಇದ್ದಾಗ ಓದು.

ನಿನ್ನ ಮೂರು ಕಾಗದಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಕಂಬ, ಎಡಗಡೆಯದು. ಚಕ್ರ ಹತ್ತಿದ ಫುಟ್‌ಪಾತ್, ಎಡಗಡೆ. ಸ್ಕೂಟರು, ಎಡಗಡೆ. ಯಂತ್ರ ಬಡಿದುಕೊಂಡದ್ದು ನಿಂತ ಲಾರಿಗೆ, ಮರಕ್ಕೆ. ಅವೆಲ್ಲ ರಸ್ತೆಯ ಯಾವ ಕಡೆ ಇರುತ್ತವೆ? ನಾಲ್ಕು ಬೇರೆ ಬೇರೆ ಕಾರು, ನಾಲ್ಕಕ್ಕೂ ಎಡಗಡೆಯೇ ದೋಷ. ಹಾಗಿರುವುದಿಲ್ಲ ಕಣೇ. ನಾಲ್ಕರಲ್ಲೂ ಇದ್ದದ್ದು ಒಂದೇ, ಭಾವನ ಕಣ್ಣು.

ನಾನು ದಡ್ಡ. ಸೀಟು, ಕನ್ನಡಿ, ಯಂತ್ರ ಎಂದು ಪಾಠ ಬರೆದು ಕಳಿಸಿದೆ. ನೆಲ ಡೊಂಕು ಎಂದು ಗೇಲಿ ಮಾಡಿದೆ. ಆ ಶೋರೂಮಿನ ಹೆಂಗಸಿಗೆ ಎರಡನೇ ಕಾರಿನಲ್ಲೇ ಅರ್ಥವಾಗಿ ಹಿಂದೆ ಹೋಗಿ ಕೂತಳು. ನಾಲ್ಕು ಸಾವಿರ ಜನರಿಗೆ ಕಲಿಸಿದವನಿಗೆ ಆಗಲಿಲ್ಲ.

ಭಾವ ಸುಳ್ಳು ಹೇಳುತ್ತಿಲ್ಲ, ಅದು ನನಗೆ ಗೊತ್ತು. ಹೇಗೆ ಗೊತ್ತು ಎಂದು ಹೇಳುತ್ತೇನೆ. ನಾನು ಶಾಲೆ ಮುಚ್ಚಿದ್ದು ಮಂಡಿ ನೋವಿಗಲ್ಲ. ಮೂರು ವರ್ಷ ಎಲ್ಲರೂ ಗೊಣಗುತ್ತಾರೆ ಎಂದು ಬೈಯುತ್ತಿದ್ದೆ. ಅತ್ತಿಗೆ ಬಾಯೊಳಗೇ ಮಾತಾಡುತ್ತಾಳೆ, ಟೀವಿ ಕೆಟ್ಟಿದೆ, ಹೊಸ ಕಾರುಗಳ ಹಾರ್ನಿಗೆ ದಮ್ಮಿಲ್ಲ. ನನ್ನ ಕಿವಿ ಎಂದು ಒಂದು ಸಲವೂ ಹೊಳೆಯಲಿಲ್ಲ. ಒಂದು ದಿನ ಮಕ್ಕಳ ಶಾಲೆಯ ಟೀಚರೊಬ್ಬಳಿಗೆ ರಿವರ್ಸು ಕಲಿಸುತ್ತಿದ್ದೆ. ಹಿಂದೆ ಒಬ್ಬ ಮುದುಕ ಸೈಕಲ್ ಹಿಡಿದು ನಿಂತು ಬೊಬ್ಬೆ ಹೊಡೆಯುತ್ತಿದ್ದನಂತೆ. ಆಕೆ ನನ್ನ ಮುಖ ನೋಡಿದಳು, ನಾನು "ಬಿಡಿ, ಬಿಡಿ, ಹೋಗ್ಲಿ" ಎಂದೆ. ಸೈಕಲ್ ಚಕ್ರದಡಿ ಹೋಯಿತು. ಮುದುಕ ಹಾರಿಕೊಂಡ, ಅವನ ಪುಣ್ಯ. ಟೀಚರು ತಪ್ಪು ತನ್ನದೇ ಎಂದು ಅತ್ತಳು, ಮತ್ತೆ ಕಲಿಯಲು ಬರಲಿಲ್ಲ. ತಪ್ಪು ನನ್ನದಮ್ಮಾ ಎಂದು ನಾನು ಇವತ್ತಿನವರೆಗೂ ಹೇಳಿಲ್ಲ. ಆಕೆಯ ಮನೆ ನನಗೆ ಗೊತ್ತು. ಅತ್ತಿಗೆಗೂ ಇದು ತಿಳಿಯದು.

ಒಂದು ಕೆಲಸ ಮಾಡು. ಅವರನ್ನು ಕುರ್ಚಿಯಲ್ಲಿ ಕೂರಿಸಿ ಎದುರಿನ ಗೋಡೆ ನೋಡಲು ಹೇಳು. ಹಿಂದೆ ನಿಂತು ಒಂದು ದಾರದ ರೀಲನ್ನು ಬಲಗಿವಿಯ ಪಕ್ಕದಿಂದ ಮೆಲ್ಲಗೆ ಮುಂದಕ್ಕೆ ತಾ, ಕಂಡ ಕೂಡಲೇ ಹೇಳಲಿ. ಆಮೇಲೆ ಎಡಗಡೆಯಿಂದ ಹಾಗೇ ತಾ. ಕತ್ತು ಆಡಿಸಬಾರದು.

ಮುದುಕಿಗೆ ನಿಜವಾಗಿ ಏನಾಯಿತು? ಈ ಸಲ ಅಡ್ಡಗೋಡೆಯ ಮೇಲೆ ದೀಪ ಇಡಬೇಡ. ಭಾವ ಕಾರು ಓಡಿಸುವಾಗ ಅವರ ಎಡಗಡೆ ಕೂರುವವಳು ನೀನು.

ನಿನ್ನ ಅಣ್ಣ

ಮಾರ್ಚ್ 12

ಅಣ್ಣಾ,

ನಿನ್ನ ಕಿವಿ ಹೋಯಿತೆಂದು ಊರಿನವರ ಕಣ್ಣೆಲ್ಲ ಹೋಗಬೇಕೇ? ಮೂವತ್ತಮೂರು ವರ್ಷ ಬಸ್ಸು ಓಡಿಸಿ ಒಂದು ಗೀರು ಬೀಳಿಸದ ಮನುಷ್ಯ. ಕಾಗದ ಓದಿ ಕಣ್ಣಿನ ರೋಗ ಹೇಳಲು ನೀನೇನು ಡಾಕ್ಟರೇ? ಕಾರು ಬುಕ್ ಆಗಿದೆ, ಕೆಲಸ ಕೈಗೆ ಬಂದಿದೆ, ಈಗ ಕಲ್ಲು ಹಾಕಬೇಡ. ರೀಲು ಗೀಲು ಏನೂ ಮಾಡುವುದಿಲ್ಲ ನಾನು.

ಕಾಗದ ಹರಿದು ಹಾಕಿದ್ದೇನೆ.

ಮಾರ್ಚ್ 20

ಅಣ್ಣಾ,

ಮಾಡಿದೆ.

ಹರಿದಿರಲಿಲ್ಲ. ನಿನ್ನ ಕಾಗದ ನನ್ನ ಬಾಬಿನ್ ಡಬ್ಬದ ತಳದಲ್ಲಿತ್ತು. ಮೂರು ದಿನ ಆ ಡಬ್ಬವನ್ನು ಮುಟ್ಟದೆ ಕೆಲಸ ಮಾಡಿದೆ. ಭಾನುವಾರ ಮಧ್ಯಾಹ್ನ, ಕಾರ್ಖಾನೆಗೆ ಬಣ್ಣದ ದಾರ ಆರಿಸಬೇಕು, ನಿಮ್ಮ ಸಹಾಯ ಬೇಕು ಎಂದು ಸುಳ್ಳು ಹೇಳಿ ಕೂರಿಸಿದೆ. ಕೆಂಪು ರೀಲು. ಬಲಗಡೆ ಕಿವಿ ದಾಟುತ್ತಿದ್ದಂತೆಯೇ "ಹಾಂ, ಕೆಂಪು" ಎಂದರು. ಎಡಗಡೆ ತಂದೆ. ಕಿವಿ ದಾಟಿತು, ಕೆನ್ನೆ ದಾಟಿತು, ಹುಬ್ಬಿನ ತುದಿಗೆ ಬಂತು. ಅವರು ಗೋಡೆಯನ್ನೇ ನೋಡುತ್ತಾ, "ಏನೇ, ಇನ್ನೂ ಶುರು ಮಾಡಿಲ್ವಾ?" ಎಂದರು.

ನಾನು ರೀಲನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಮುದುಕಿಯ ಇಂಜಿನ್‌ಗೆ ಏನೂ ಆಗಿರಲಿಲ್ಲ. ನಾನು ರಿಪೇರಿಗೆ ಹೋಗುವ ಹೊಲಿಗೆ ತರಗತಿಯ ಗೇಟಿನ ಕಂಬಕ್ಕೆ ಎಡಬಾಗಿಲು ಬಡಿದು ಚೌಕಟ್ಟಿನ ಸಮೇತ ಒಳಕ್ಕೆ ಬಂತು, ಸರಿಮಾಡಲು ಕಾರಿನ ಬೆಲೆಗಿಂತ ಹೆಚ್ಚು ಕೇಳಿದರು. ನಾನು ಆ ಬಾಗಿಲ ಪಕ್ಕದಲ್ಲೇ ಇದ್ದೆ. ಮೊಣಕೈಗೆ ಒಂಬತ್ತು ಹೊಲಿಗೆ. ಗೇಟು ಕಿರಿದು ಎಂದರು, ನಾನೂ ಹೌದು ಎಂದೆ. ಅದೇ ಗೇಟಿನಲ್ಲಿ ಆರು ವರ್ಷದಿಂದ ಹೋಗಿ ಬರುತ್ತಿದ್ದೆವು. ನಿನಗೆ ಬರೆದರೆ ನೀನು ಅವರನ್ನು ಆಡಿಕೊಳ್ಳುತ್ತೀಯ ಎಂದು ಇಂಜಿನ್ ಎಂದು ಬರೆದೆ. ನನಗೂ ಗೊತ್ತಿತ್ತೋ ಏನೋ. ಗೊತ್ತಿದೆ ಎಂದು ಒಪ್ಪಿಕೊಂಡರೆ ಕೆಲಸ ಹೋಗುತ್ತದೆ, ಅದಕ್ಕೆ ಒಪ್ಪಿಕೊಳ್ಳಲಿಲ್ಲ. ಇಷ್ಟು ಸ್ವಾರ್ಥಿ ನಾನು.

ಕಣ್ಣಿನ ಡಾಕ್ಟರ ಬಳಿಗೆ, ನನಗೆ ತಲೆನೋವು, ಜೊತೆಗೆ ಬನ್ನಿ ಎಂದು ಕರೆದುಕೊಂಡು ಹೋದೆ. ಅಲ್ಲಿ ಅವರಿಗೂ ಒಮ್ಮೆ ನೋಡಿ ಎಂದೆ. ಕಣ್ಣಿನೊಳಗಿನ ಒತ್ತಡವಂತೆ. ಎಡಗಣ್ಣು ಬಹುಪಾಲು ಹೋಗಿದೆ, ಬಲಗಣ್ಣಿನಲ್ಲೂ ಎಡ ಅಂಚು ಸವೆದಿದೆ. ನೋವಿರುವುದಿಲ್ಲವಂತೆ, ಕಪ್ಪಾಗಿಯೂ ಕಾಣುವುದಿಲ್ಲವಂತೆ, ಅದಕ್ಕೇ ತಿಳಿಯದು. ಹೋದದ್ದು ಬರುವುದಿಲ್ಲ, ಹನಿ ಹಾಕಿ ಇದ್ದದ್ದನ್ನು ಉಳಿಸಿಕೊಳ್ಳಬೇಕು. "ಡ್ರೈವಿಂಗ್ ಇನ್ನು ಬೇಡ" ಎಂದು ಡಾಕ್ಟರು ಹನಿಯ ಹೆಸರು ಬರೆಯುತ್ತಾ, ತಲೆ ಎತ್ತದೆ ಹೇಳಿದರು. ಇವರು ಎದ್ದು ಡಾಕ್ಟರಿಗೆ ಕೈ ಮುಗಿದರು. ಹೊರಗೆ ಬಂದು ನನಗೆ ಒಂದೇ ಮಾತು ಕೇಳಿದರು, "ನಿಮ್ಮಣ್ಣ ಬರೆದಿದ್ದನಾ?" ಹೌದು ಎಂದೆ. ಅಂದಿನಿಂದ ನಾನು ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ಹನಿ ಹಾಕಲು ಹೋದರೆ ಶೀಶೆ ಕಸಿದುಕೊಂಡು ತಾವೇ ಹಾಕಿಕೊಳ್ಳುತ್ತಾರೆ, ಅರ್ಧ ಕೆನ್ನೆಗೆ ಹೋಗುತ್ತದೆ.

ಕೆಲಸ ಬೇಡವೆಂದು ಮೇಲ್ವಿಚಾರಕಿಗೆ ಹೇಳಲು ಮೂರು ಸಲ ಫೋನು ಎತ್ತಿದ್ದೇನೆ. ಅಯ್ಯೋ, ನೀನೇ ಓಡಿಸು ಎಂದು ಮಾತ್ರ ಬರೆಯಬೇಡ. ನನಗೆ ಇಪ್ಪತ್ತೆರಡು ವರ್ಷವಾಗಿದ್ದಾಗ ಐದು ಜನ ವಿದ್ಯಾರ್ಥಿಗಳ ಮುಂದೆ ನನ್ನನ್ನು ಕಾರಿನಿಂದ ಇಳಿಸಿದವನು ನೀನೇ. "ಇಳಿ, ನಿನಗೆ ಸೂಜಿ ದಾರವೇ ಸರಿ" ಎಂದೆ. ನಿನಗೆ ಹೇಳಿಲ್ಲ, ಆಮೇಲೆ ಬೇರೆ ಶಾಲೆಗೆ ಸೇರಿ ಕಲಿತು ಲೈಸೆನ್ಸು ತೆಗೆದುಕೊಂಡೆ. ಈಗಲೂ ಚಾಲ್ತಿಯಲ್ಲಿದೆ. ಆದರೆ ಓಡಿಸುವವರು ಮನೆಯಲ್ಲೇ ಇದ್ದರು, ಮುದುಕಿಯನ್ನು ನೆರಳಿನಿಂದ ನೆರಳಿಗೆ ಸರಿಸಿದ್ದು ಬಿಟ್ಟರೆ ನಾನು ಓಡಿಸಿದ್ದೇ ಇಲ್ಲ. ಈಗ ಅವರ ಕೈಯಿಂದ ಕಿತ್ತುಕೊಂಡು ಅದೇ ಚಕ್ರದ ಮುಂದೆ ನಾನು ಹೇಗೆ ಕೂರಲಿ?

ತಂಗಿ

ಮಾರ್ಚ್ 25

ಮೆಣಸಿನಕಾಯಿ,

ಹಾಗೆ ಅಂದದ್ದು ನನಗೆ ನೆನಪಿಲ್ಲ. ಅಂದಿರುತ್ತೇನೆ. ಆ ಕಾಲದಲ್ಲಿ ಎಲ್ಲರಿಗೂ ಅನ್ನುತ್ತಿದ್ದೆ, ತಂಗಿಗೆ ಎರಡು ಪಟ್ಟು ಅಂದಿರುತ್ತೇನೆ. ತಪ್ಪಾಯಿತು. ಈ ಮಾತನ್ನು ಮೂವತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೀಯಲ್ಲ, ನಿನ್ನಂಥವಳಿಗೆ ಇನ್ನೇನು ಬೈಯಲಿ? ಬೇರೆ ಶಾಲೆ ಎಂದರೆ ಯಾವುದು? ಪೆಟ್ರೋಲ್ ಬಂಕಿನ ಹಿಂದಿನದೇ? ಅವನಿಗೆ ಏರಿನಲ್ಲಿ ಕಾರು ನಿಲ್ಲಿಸಲೇ ಬರುತ್ತಿರಲಿಲ್ಲ!

ಒಂದಕ್ಕೇ ಉತ್ತರ ಕೊಡುತ್ತೇನೆ. ಕಿತ್ತುಕೊಂಡವಳು ನೀನಲ್ಲ. ನೀನು ಕೂರದಿದ್ದರೆ ಅವರು ಕೂರುತ್ತಾರೆ, ಇವತ್ತಲ್ಲ ಎಂದರೆ ಇನ್ನೊಂದು ದಿನ, ಒಂದೇ ಒಂದು ಸುತ್ತು ಎಂದು. ನನಗೆ ಗೊತ್ತು, ಕಿವಿ ಹೋದ ಮೇಲೂ ನಾನು ಎರಡು ಸಲ ಕೂತಿದ್ದೇನೆ. ಬುಕಿಂಗ್ ರದ್ದು ಮಾಡಬೇಡ. ಮೊದಲು ನೀನು ಓಡಿಸಿ ನೋಡು, ನಿನ್ನ ಕೈಗೆ ಒಗ್ಗದಿದ್ದರೆ ಬೇಡ ಎನ್ನು. ಅವರನ್ನು ಮನೆಯಲ್ಲಿ ಬಿಟ್ಟು ಹೋಗಬೇಡ, ಪಕ್ಕದಲ್ಲಿ ಕೂರಿಸಿಕೋ.

ನಾಳೆ ಆ ಟೀಚರ ಮನೆಗೆ ಹೋಗುತ್ತೇನೆ. ಅತ್ತಿಗೆಗೆ ಎಲ್ಲ ಹೇಳಿದೆ, ಅವಳೂ ಬರುತ್ತಾಳೆ, ಟೀಚರು ಬೈದರೆ ನನಗೆ ಕೂಗಿ ಹೇಳಲು ಯಾರಾದರೂ ಬೇಕಲ್ಲ.

ಅಣ್ಣ

ಮಾರ್ಚ್ 31

ಅಣ್ಣಾ,

ಇಪ್ಪತ್ತೈದಕ್ಕೆ ಕಾರು ತರಲು ಮನಸ್ಸು ಬರಲಿಲ್ಲ, ನಿನ್ನ ಕಾಗದ ಬಂದ ಮೇಲೆ ಇವತ್ತು ಶೋರೂಮಿಗೆ ಹೋಗಿದ್ದೆವು. ಬರ್ತೀರಾ ಎಂದರೆ ಉಹೂಂ ಎಂದವರು ನಾನು ಚಪ್ಪಲಿ ಹಾಕುವಷ್ಟರಲ್ಲಿ ಅಂಗಿ ಬದಲಿಸಿ ಬಾಗಿಲಲ್ಲಿ ನಿಂತಿದ್ದರು.

ಶೋರೂಮಿನಾಕೆ ಕೀಲಿಯನ್ನು ಅಭ್ಯಾಸಬಲದಿಂದ ಇವರಿಗೆ ಚಾಚಿದಳು. ಇವರು ಕೈ ಜೇಬಿನಿಂದ ತೆಗೆಯಲಿಲ್ಲ. ಆ ಕೀಲಿ ಗಾಳಿಯಲ್ಲಿ ಎಷ್ಟು ಹೊತ್ತು ಇತ್ತೋ ದೇವರಿಗೇ ಗೊತ್ತು, ಕೊನೆಗೆ ನಾನೇ ತೆಗೆದುಕೊಂಡೆ. ಇವರು ಕಾರಿನ ಸುತ್ತ ಬಳಸಿಕೊಂಡು ಹೋಗಿ ಎಡಗಡೆ ಬಾಗಿಲು ತೆಗೆದು ಕೂತರು. ಆಕೆ ಹಿಂದೆ. ನಾನು ಕ್ಲಚ್ಚನ್ನು ಹೊಲಿಗೆ ಯಂತ್ರದ ಪೆಡಲಿನ ಹಾಗೆ ತುಳಿದೆ. ಎರಡು ಸಲ ಇಂಜಿನ್ ನಿಂತಿತು. ಇವರು ತುಟಿ ಕಚ್ಚಿಕೊಂಡು ಮುಂದೆ ನೋಡುತ್ತಿದ್ದರು. ಬೈದಿದ್ದರೆ ವಾಸಿಯಿತ್ತು. ಮೂರನೇ ಸಲ ಹೊರಟಿತು. ಕಾರು ಚೆನ್ನಾಗಿದೆ ಅಣ್ಣಾ. ಪುಟ್ಟದು, ಹೇಳಿದ ಮಾತು ಕೇಳುತ್ತದೆ. ಕುಂಯ್ ಯಂತ್ರವನ್ನು ನಾನು ಆರಿಸಲಿಲ್ಲ, ಅದು ಎರಡೇ ಸಲ ಕೂಗಿತು. ಕೂಗಿದಾಗಲೆಲ್ಲ ಇವರ ಬೆರಳು ಮೊಣಕಾಲಿನ ಮೇಲೆ ಬಿಗಿಯುವುದು ಕಂಡಿತು.

ಓಣಿಯಿಂದ ದೊಡ್ಡ ರಸ್ತೆಗೆ ಬಲಕ್ಕೆ ತಿರುಗಬೇಕಿತ್ತು. ಎಡಗಡೆ ಒಂದು ವ್ಯಾನು ನಿಲ್ಲಿಸಿದ್ದರು, ನನ್ನ ಸೀಟಿನಿಂದ ಆ ಕಡೆ ರಸ್ತೆ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಇರುವವರನ್ನು ಕೇಳುವುದು ಎಲ್ಲರೂ ಮಾಡುವ ಕೆಲಸ. ಬಾಯಿಂದ ಬಂದುಬಿಟ್ಟಿತು, "ಎಡಗಡೆ ಯಾರಾದ್ರೂ ಬರ್ತಿದಾರೇನ್ರೀ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇವರು ಸುಮ್ಮನೆ ಕತ್ತು ತಿರುಗಿಸಲಿಲ್ಲ. ಸೀಟಿನ ಬೆಲ್ಟು ಎಳೆದು ಸಡಿಲಿಸಿಕೊಂಡು, ಸೊಂಟದಿಂದ ಮೇಲೆ ಪೂರ್ತಿ ತಿರುಗಿ, ಗಾಜಿಗೆ ಹಣೆ ಹಚ್ಚಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಅಷ್ಟು ಜೋಪಾನವಾಗಿ ಅವರು ಏನನ್ನೂ ನೋಡಿದ್ದು ನನಗೆ ನೆನಪಿಲ್ಲ. ಆಮೇಲೆ, "ಖಾಲಿ ಇದೆ. ಹೋಗು" ಎಂದರು. ಹತ್ತು ಹನ್ನೆರಡು ದಿನಕ್ಕೆ ಅವರು ನನ್ನ ಜೊತೆ ಆಡಿದ ಮೊದಲ ಪೂರಾ ಮಾತು.

ನಾನು ಹೋಗಲಿಲ್ಲ ಅಣ್ಣಾ. ಕಾರನ್ನು ಒಂದು ಗೇಣು ಮುಂದಕ್ಕೆ ತಂದು, ಅವರ ಎದೆಯ ಮುಂದಿನಿಂದ ಬಗ್ಗಿ, ನಾನೂ ನೋಡಿದೆ. ರಸ್ತೆ ಖಾಲಿಯೇ ಇತ್ತು. ಒಂದು ನಾಯಿಯೂ ಇರಲಿಲ್ಲ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಬಗ್ಗಿದ್ದನ್ನು ಅವರು ನೋಡಿದರು. ಶೋರೂಮಿಗೆ ವಾಪಸ್ಸು ಬರುವವರೆಗೆ ನನಗೆ ಅವರ ಮುಖ ನೋಡಲು ಧೈರ್ಯವಾಗಲಿಲ್ಲ. ನನ್ನ ಮೇಲೇ ನನಗೆ ಸಿಟ್ಟು, ಅವರ ಕಣ್ಣಿನ ಮೇಲೆ ಸಿಟ್ಟು, ಆ ವ್ಯಾನು ನಿಲ್ಲಿಸಿದವನ ಮೇಲೆ ಇನ್ನೂ ಸಿಟ್ಟು.

ಒಳಗೆ ಕೂತಾಗ ಆಕೆ ಫಾರಂ ತೆಗೆದು, ಯಾರನ್ನು ನೋಡಿ ಕೇಳಬೇಕೋ ತಿಳಿಯದೆ ಮೇಜನ್ನು ನೋಡುತ್ತಾ ಕೇಳಿದಳು, "ಹಾಗಾದ್ರೆ ಕಾರು... ಓಡಿಸೋರು ಯಾರು ಅಂತ ಬರ್ಕೋಬೇಕು?"

ನಾನು ಬಾಯಿ ತೆಗೆಯುವ ಮೊದಲೇ ಇವರು ಹೇಳಿದರು, "ಅವಳು. ಅವಳು ಯಾರ ಮಾತನ್ನೂ ನಂಬೋದಿಲ್ಲ, ತಾನೇ ನೋಡ್ತಾಳೆ. ಡ್ರೈವರ್ ಅಂದ್ಮೇಲೆ ಹಾಗೇ ಇರ್ಬೇಕು." ಹೇಳಿ ಎದ್ದು ಹೊರಗೆ ಹೋದರು.

ಸಹಿ ಹಾಕಿದೆ. ಕಾರು ಅಂಗಳದಲ್ಲಿದೆ, ನಾಳೆ ಎಂಟಕ್ಕೆ ಕಾರ್ಖಾನೆಗೆ ಹೊರಡಬೇಕು. ಇವರು ಈಗ ನನ್ನ ಎರಡು ಯಂತ್ರದ ತಲೆಗಳನ್ನು ಡಿಕ್ಕಿಯಲ್ಲಿ ಹಳೇ ಬೆಡ್‌ಶೀಟು ಸುತ್ತಿ ಇಡುತ್ತಿದ್ದಾರೆ. ಅವರು ಅಂದ ಆ ಮಾತು ಹೊಗಳಿಕೆಯೋ ಬೈಗುಳವೋ ನನಗೆ ಇನ್ನೂ ಗೊತ್ತಾಗಿಲ್ಲ. ನೀವಿಬ್ಬರೂ ಡ್ರೈವರುಗಳು, ನೀನಾದರೂ ತಿಳಿಸಿ ಬರೆ.

ನಿನ್ನ ತಂಗಿ